ನಿಲ್ಲದೆ ಓಡಿದ ಸಾವಿರ ದಿನ

ಹನ್ನೊಂದು ದಿನ ಬಾಗಿಲು ತೆರೆದಿತ್ತು. ಮುಚ್ಚಿದ್ದೇವೆ ಎಂದು ಪುಸ್ತಕದಲ್ಲಿ ಬರೆದಿಟ್ಟಿದ್ದರು. ತಪ್ಪು ಇಷ್ಟೇ. ಇದನ್ನು ಸಣ್ಣದು ಎನ್ನುವವರ ಜೊತೆ ನನಗೆ ಮಾತಿಲ್ಲ.

ಈ ಮಾತು ಓಬಣ್ಣ ಮೇಷ್ಟ್ರದು. ಅವರು ಕತೆಗೆ ಮೊದಲು ಇದನ್ನು ಹೇಳಿದರು. ಕತೆ ಹೇಳಿಸಿದ್ದು ದ್ರಾಕ್ಷಾಯಣಿಯ ಒಂದು ಪ್ರಶ್ನೆ.

ಓಬಣ್ಣ ಮೇಷ್ಟ್ರು ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವರಲ್ಲ. ಗುಜರಿ ಅಂಗಡಿಯಿಂದ ತಂದ ಕಂಪ್ಯೂಟರನ್ನು ಬಿಚ್ಚಿ, ಕಟ್ಟಿ, ಕೆಡಿಸಿ ಕಲಿತವರು. ಹಿರಿಯೂರಿನಲ್ಲಿ ಮುಚ್ಚಿಹೋದ ಟೈಪಿಂಗ್ ಶಾಲೆಯ ಕೋಣೆಯಲ್ಲಿ ಕೂತು, ಬಂದವರಿಗೆ ಯಂತ್ರ ನೋಡಿಕೊಳ್ಳುವುದನ್ನು ಕಲಿಸುತ್ತಿದ್ದರು. ದ್ರಾಕ್ಷಾಯಣಿ ಅವರ ಹತ್ತಿರ ಎರಡು ವರ್ಷ ಕಲಿತಿದ್ದಳು. ಈಗ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಸರ್ವರ್ ನೋಡಿಕೊಳ್ಳುತ್ತಿದ್ದಳು. ರೋಗಿಗಳು ತಮ್ಮ ವರದಿಯನ್ನು ಫೋನಿನಲ್ಲಿ ನೋಡುವುದು ಆ ಯಂತ್ರದಿಂದ.

ಅವಳು ಬಂದು ಕೇಳಿದಳು.

"ಮೇಷ್ಟ್ರೇ, ಸರ್ವರ್ ತಂತ್ರಾಂಶಕ್ಕೆ ಮೊನ್ನೆ ಭದ್ರತೆಯ ಅಪ್‌ಡೇಟ್ ಬಂತು. ಬಂದ ದಿನಾನೇ ಹಾಕ್ದೆ. ತಾರೀಖು ಸಮೇತ ಪುಸ್ತಕದಲ್ಲಿ ಬರೆದಿದೀನಿ. ನಿಲ್ಲಿಸಿ ಶುರು ಮಾಡೋದು ಮಾತ್ರ ಭಾನುವಾರ ಇಟ್ಕೊಳಮ್ಮ ಅಂದ್ರು ಮಾಲೀಕರು, ವಾರದ ದಿನ ಜನ ವರದಿ ನೋಡ್ತಿರ್ತಾರೆ ಅಂತ. ಅಲ್ಲಿವರೆಗೂ ನನ್ನ ಪಾಲಿನ ಕೆಲಸ ಮುಗಿದ ಹಾಗೇ ಅಲ್ವಾ?"

ಇವತ್ತು ಯಾವ ವಾರ ಎಂದು ಮೇಷ್ಟ್ರು ಕೇಳಿದರು. ಗುರುವಾರ ಎಂದಳು. ಕೂತುಕೋ ಎಂದರು. ಮೇಲಿನ ಮಾತನ್ನು ಹೇಳಿದರು. ಆಮೇಲೆ ಈ ಕತೆ.

ಒಬ್ಬನಿದ್ದ. ತಂತ್ರಾಂಶ ಬರೆಯುವವನು. ನೀನು ಫೋನಿನಲ್ಲಿ ಒಂದು ಪುಟ ಕೇಳುತ್ತೀಯ. ಎಲ್ಲೋ ಇರುವ ಒಂದು ಯಂತ್ರ ನಿನ್ನ ಮಾತು ಕೇಳಿಸಿಕೊಂಡು ಆ ಪುಟವನ್ನು ಎತ್ತಿ ಕೊಡುತ್ತದೆ. ಹಾಗೆ ಎತ್ತಿ ಕೊಡುವ ಕೆಲಸದ ತಂತ್ರಾಂಶವನ್ನು ಅವನು ಬರೆದಿದ್ದ. ಬರೆದು ಎಲ್ಲರ ಮುಂದೆ ಇಟ್ಟಿದ್ದ. ಯಾರು ಬೇಕಾದರೂ ಒಯ್ಯಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಪ್ರತಿಯಾಗಿ ಅವನು ಏನನ್ನೂ ಕೇಳಲಿಲ್ಲ. ಸಾವಿರಾರು ಕಚೇರಿಗಳು ಒಯ್ದವು. ಕೊಟ್ಟವನು ಯಾರೆಂದು ಒಂದು ಕಚೇರಿಯೂ ಕೇಳಲಿಲ್ಲ.

ಹಗಲು ಅವನು ದನಗಳ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಂಗಡಿ ತೆರೆಯುವ ಮುಂಚಿನ ಎರಡು ಗಂಟೆ ಮಾತ್ರ ಅವನದು. ಒಂದು ಕಾಲಕ್ಕೆ ಅವನ ಜೊತೆ ನಾಲ್ಕು ಜನ ಬರೆಯುತ್ತಿದ್ದರು. ಒಬ್ಬನಿಗೆ ಮಗುವಾಯಿತು. ಒಬ್ಬಳಿಗೆ ಕಣ್ಣು ಸೋತಿತು. ಒಬ್ಬ ಬೇರೆ ಕೆಲಸ ಹಿಡಿದ. ಇನ್ನೊಬ್ಬ ಏನೂ ಹೇಳಲಿಲ್ಲ, ಉತ್ತರ ಬರೆಯುವುದನ್ನು ನಿಲ್ಲಿಸಿದ ಅಷ್ಟೇ. ಉಳಿದವನು ಇವನೊಬ್ಬ. ಇವನು ಬಿಟ್ಟರೆ ಸಾವಿರಾರು ಕಚೇರಿಗಳ ಬಾಗಿಲಿಗೆ ಯಾರೂ ಇಲ್ಲ. ಆ ಕಚೇರಿಗಳಿಗೆ ಅದು ಗೊತ್ತೇ ಇರಲಿಲ್ಲ.

ಒಂದು ದಿನ ದೂರದೇಶದ ಒಬ್ಬ ಅಪರಿಚಿತನಿಂದ ಕಾಗದ ಬಂತು. ನಿಮ್ಮ ತಂತ್ರಾಂಶದಲ್ಲಿ ಒಂದು ತೂತು ಇದೆ, ಯಾರಿಗೂ ಹೇಳಿಲ್ಲ, ನಿಮಗೆ ಮಾತ್ರ ಹೇಳುತ್ತಿದ್ದೇನೆ ಎಂದು ಬರೆದಿದ್ದ. ಇವನು ನೋಡಿದ. ತೂತು ನಿಜ. ಪುಟದ ವಿಳಾಸವನ್ನು ಬೇಕೆಂದೇ ಒಂದು ಬಗೆಯಲ್ಲಿ ಕೆಡಿಸಿ ಕಳಿಸಿದರೆ, ಕೊಡುವ ಉತ್ತರದ ಬಾಲಕ್ಕೆ ಇನ್ನೊಬ್ಬರು ಆಗತಾನೇ ಬರೆದು ಕಳಿಸಿದ್ದರ ತುಣುಕು ಅಂಟಿಕೊಂಡು ಹೋಗುತ್ತಿತ್ತು. ನೀನು ನಿನ್ನ ಗುಟ್ಟನ್ನು ಬರೆದು ಕಳಿಸುತ್ತೀಯ. ಕಳ್ಳ ತನ್ನ ಪುಟ ಕೇಳುತ್ತಾನೆ. ಅವನ ಪುಟದ ತುದಿಯಲ್ಲಿ ನಿನ್ನ ಗುಟ್ಟು ಇರುತ್ತದೆ.

ತಪ್ಪಿದ್ದ ಆ ಸಾಲನ್ನು ಬರೆದವರು ಯಾರು ಎಂದು ಅವನು ಹುಡುಕಿದ. ಏಳು ವರ್ಷದ ಹಿಂದೆ ತಾನೇ ಬರೆದದ್ದು.

ಒಂಬತ್ತು ಬೆಳಗು ಕೂತು ಅದನ್ನು ಸರಿಪಡಿಸಿದ. ಆ ಒಂಬತ್ತು ದಿನ ಅವನು ಯಾರಿಗೂ ಏನೂ ಹೇಳುವಂತಿರಲಿಲ್ಲ. ಹೇಳಿದರೆ ಕಳ್ಳನಿಗೂ ಗೊತ್ತಾಗುತ್ತದೆ. ಅಂಗಡಿಯಲ್ಲಿ ಜನ ಹಸುವಿನ ಕೆಚ್ಚಲು ಬಾವಿಗೆ ಮದ್ದು ಕೇಳಿದರೆ ಹುಳುವಿನ ಮದ್ದು ಕೊಟ್ಟ. ಮಾಲೀಕ ಬೈದ. ಮನೆಯಲ್ಲಿ ಹೆಂಡತಿ ಸಾರಿಗೆ ಉಪ್ಪು ಹಾಕುವುದನ್ನು ಮರೆತಿದ್ದಳು. ಅವನು ಉಂಡು ಎದ್ದ. ಏನಾಗಿದೆ ನಿಮಗೆ ಎಂದು ಅವಳು ಕೇಳಿದಳು. ಏನಿಲ್ಲ ಎಂದ.

ಅವನಿಗೆ ಇನ್ನೊಂದು ಭಯವಿತ್ತು. ಅದನ್ನು ಚೆನ್ನಾಗಿ ಕೇಳಿಸಿಕೋ. ದುರಸ್ತಿಯನ್ನು ಹೊರಗೆ ಬಿಟ್ಟ ಗಳಿಗೆಗೆ ಕಳ್ಳನೂ ಅದನ್ನು ಓದುತ್ತಾನೆ. ಎಲ್ಲರ ಮುಂದೆ ಇಟ್ಟ ತಂತ್ರಾಂಶ ಅದು, ಬಚ್ಚಿಡುವ ಹಾಗಿಲ್ಲ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟರೆ ತೂತು ಎಲ್ಲಿತ್ತು ಎಂದು ಕಾಣುತ್ತದೆ. ನಿನ್ನೆಯವರೆಗೆ ತೂತಿನ ವಿಷಯ ಇಬ್ಬರಿಗೆ ಗೊತ್ತಿತ್ತು. ದುರಸ್ತಿ ಬಿಟ್ಟ ದಿನದಿಂದ ಓದಬಲ್ಲ ಎಲ್ಲರಿಗೂ ಗೊತ್ತು. ಅಲ್ಲಿಂದ ಮುಂದೆ ಅದು ಓಟ. ನೀನು ಮೊದಲು ಮುಚ್ಚುತ್ತೀಯೋ, ಅವನು ಮೊದಲು ಬರುತ್ತಾನೋ.

ಅದಕ್ಕೇ ಅವನು ದುರಸ್ತಿಯ ಜೊತೆ ನಾಲ್ಕೇ ಸಾಲು ಬರೆದ. ದೋಷ ನನ್ನದು. ಸರಿಪಡಿಸಿದ್ದೇನೆ. ಇವತ್ತೇ ಹಾಕಿ. ಹಾಕಿದ ಮೇಲೆ ನಿಲ್ಲಿಸಿ, ಮತ್ತೆ ಶುರು ಮಾಡಿ.

ಬಿಟ್ಟು, ಯಾರಾದರೂ ಏನಾದರೂ ಬರೆಯುತ್ತಾರೆ ಎಂದು ಕಾದ. ಮೂರು ಉತ್ತರ ಬಂದವು. ಒಬ್ಬ, ನಿಮ್ಮ ಜಾಲತಾಣದ ಬಣ್ಣ ಚೆನ್ನಾಗಿಲ್ಲ ಎಂದಿದ್ದ. ಒಬ್ಬ, ಇದು ಈ ವರ್ಷದ ನಾಲ್ಕನೆಯ ಅಪ್‌ಡೇಟ್, ಮೊದಲ ಸಲವೇ ನೆಟ್ಟಗೆ ಬರೆಯಲು ನಿಮಗೇನು ರೋಗ ಎಂದು ಬೈದಿದ್ದ. ಇನ್ನೊಬ್ಬ, ನಮ್ಮ ಕಚೇರಿಗೆ ಬಂದು ಹಾಕಿಕೊಟ್ಟು ಹೋಗಿ ಎಂದು ವಿಳಾಸ ಕೊಟ್ಟಿದ್ದ. ಮೂವರಿಗೂ ಅವನು ಮರ್ಯಾದೆಯಿಂದ ಉತ್ತರ ಬರೆದ. ಹಾಕಿದೆವು ಎಂದು ಒಬ್ಬರೂ ಬರೆಯಲಿಲ್ಲ. ಅಂಗಡಿ ತೆರೆಯುವ ಹೊತ್ತಾಯಿತು. ಹೋದ.

ಈಗ ಇನ್ನೊಬ್ಬನ ವಿಷಯ.

ಒಂದು ಕಚೇರಿ ಇತ್ತು. ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದ ಹೆಂಗಸರು ಆ ಕಚೇರಿಯ ತಾಣದಲ್ಲಿ ದೂರು ಬರೆಯುತ್ತಿದ್ದರು. ಕಚೇರಿ ಅವರ ಪರವಾಗಿ ಕೇಸು ನಡೆಸುತ್ತಿತ್ತು. ಅಲ್ಲಿ ಓಡುತ್ತಿದ್ದದ್ದು ಇದೇ ತಂತ್ರಾಂಶ. ಅದನ್ನು ನೋಡಿಕೊಳ್ಳಲು ಒಬ್ಬನಿದ್ದ. ಒಳ್ಳೆಯವನು. ಸೋಮಾರಿಯಲ್ಲ. ಇದನ್ನು ನೆನಪಿಡು, ಸೋಮಾರಿಯಲ್ಲ.

ಆ ಕಚೇರಿಯ ಗೋಡೆಗೆ ಒಂದು ಕರಿಹಲಗೆ ತೂಗುಹಾಕಿದ್ದರು. ಮೇಲೆ ಬಣ್ಣದಲ್ಲಿ ಬರೆದಿತ್ತು: ನಮ್ಮ ಸರ್ವರ್ ನಿಲ್ಲದೆ ಓಡಿದ ದಿನಗಳು. ಕೆಳಗೆ ಸೀಮೆಸುಣ್ಣದಲ್ಲಿ ಒಂದು ಅಂಕಿ. ಅವನು ದಿನಾ ಬೆಳಿಗ್ಗೆ ಬಂದು, ಚಪ್ಪಲಿ ಬಿಟ್ಟು, ಹಿಂದಿನ ದಿನದ ಅಂಕಿ ಒರೆಸಿ ಹೊಸದು ಬರೆಯುತ್ತಿದ್ದ. ಆಯುಧಪೂಜೆಗೆ ಆ ಹಲಗೆಗೂ ಕುಂಕುಮ. ಬಂದವರಿಗೆಲ್ಲ ಮೇಲಧಿಕಾರಿ ಮೊದಲು ತೋರಿಸುತ್ತಿದ್ದದ್ದು ಆ ಹಲಗೆಯನ್ನೇ. ಎಷ್ಟು ಹೆಂಗಸರ ಕೇಸು ಗೆದ್ದಿರಿ ಎಂದು ಕೇಳುವವರು ಕಡಿಮೆ. ಆ ಅಂಕಿಗೆ ಹಲಗೆಯೂ ಇರಲಿಲ್ಲ.

ದುರಸ್ತಿ ಬಂದ ದಿನ ಹಲಗೆಯ ಅಂಕಿ ಒಂಬೈನೂರ ಎಂಬತ್ತೊಂಬತ್ತು. ಸಾವಿರ ತುಂಬಿದ ದಿನ ಸಮಾರಂಭ. ಶಾಲು ತಂದಾಗಿತ್ತು.

ಅವನು ನಾಲ್ಕು ಸಾಲನ್ನೂ ಓದಿದ. ಬಂದ ದಿನವೇ ದುರಸ್ತಿಯನ್ನು ಹಾಕಿದ. ಪುಸ್ತಕದಲ್ಲಿ ಬರೆದ: ಭದ್ರತಾ ದೋಷ ಸರಿಪಡಿಸಲಾಗಿದೆ. ಸಹಿ ಮಾಡಿದ. ಆಮೇಲೆ ಮೇಲಧಿಕಾರಿಯ ಕೋಣೆಗೆ ಹೋಗಿ, ಒಂದು ಸಲ ನಿಲ್ಲಿಸಿ ಶುರು ಮಾಡಬೇಕು, ಒಂದು ನಿಮಿಷವೂ ಹಿಡಿಯುವುದಿಲ್ಲ ಎಂದು ಹೇಳಿದ.

"ನಿಲ್ಲಿಸಿದ್ರೆ ಹಲಗೆ ಮೇಲೆ ಏನ್ ಬರೀತೀಯಪ್ಪ?" ಎಂದು ಮೇಲಧಿಕಾರಿ ಕೇಳಿದರು.

"ಒಂದು ಅಂತ ಬರೀಬೇಕಾಗುತ್ತೆ ಸಾರ್."

"ತಾಳಿ ಕಟ್ಟೋ ಹೊತ್ತಿಗೆ ಗಂಡು ಎದ್ದು, ಒಂದಕ್ಕೆ ಹೋಗಿಬರ್ತೀನಿ ಅಂದ್ರೆ ಹೆಂಗಿರುತ್ತೆ ಹೇಳು. ಹನ್ನೊಂದು ದಿನ ತಡ್ಕೊ. ಹಾಕಿದೀಯ ತಾನೆ? ಬರೆದಿದೀಯ ತಾನೆ? ಶಾಲು ನಿನಗೂ ಒಂದಿದೆ."

ಕೋಣೆಯಲ್ಲಿದ್ದವರು ನಕ್ಕರು. ಅವನೂ ನಕ್ಕ. ಹಾಕಿದ್ದು ನಿಜ, ಬರೆದದ್ದೂ ನಿಜ ಎಂದುಕೊಂಡು ಹೊರಗೆ ಬಂದ.

ಮೇಷ್ಟ್ರು ಇಲ್ಲಿ ನಿಲ್ಲಿಸಿ ದ್ರಾಕ್ಷಾಯಣಿಯನ್ನು ಕೇಳಿದರು, ಹಾಕಿ ನಿಲ್ಲಿಸದಿದ್ದರೆ ಏನಾಗುತ್ತದೆ ಹೇಳು ಎಂದು. ಅವಳಿಗೆ ಗೊತ್ತಿತ್ತು. ಅವಳು ಬಾಯಿ ತೆರೆಯುವ ಮೊದಲೇ ಮೇಷ್ಟ್ರೇ ಹೇಳಿದರು. ಅಡುಗೆಯವನು ಬೆಳಿಗ್ಗೆ ಗೋಡೆಯ ಮೇಲಿನ ಚೀಟಿಯನ್ನು ಒಮ್ಮೆ ಓದಿ ಒಲೆಯ ಮುಂದೆ ನಿಂತಿದ್ದಾನೆ. ನೀನು ಮಧ್ಯಾಹ್ನ ಹೋಗಿ ಚೀಟಿ ಬದಲಿಸುತ್ತೀಯ. ಅವನು ತಿರುಗಿ ನೋಡುವುದಿಲ್ಲ. ಮೊದಲು ಓದಿದ್ದನ್ನೇ ಬೇಯಿಸುತ್ತಾನೆ. ಅವನನ್ನು ಒಮ್ಮೆ ಒಲೆ ಬಿಡಿಸಿ, ಹೊರಗೆ ಕಳಿಸಿ, ಮತ್ತೆ ಒಳಗೆ ಕರೆಯಬೇಕು. ಆಗ ಹೊಸ ಚೀಟಿ ಓದುತ್ತಾನೆ. ಯಂತ್ರದ ಡಿಸ್ಕಿನಲ್ಲಿ ಹೊಸ ತಂತ್ರಾಂಶ ಕೂತಿತ್ತು. ಯಂತ್ರದ ತಲೆಯಲ್ಲಿ ಹಳೆಯದೇ ಓಡುತ್ತಿತ್ತು. ತೂತು ಹಾಗೇ ಇತ್ತು. ಪುಸ್ತಕದಲ್ಲಿ ಮಾತ್ರ ಮುಚ್ಚಿತ್ತು.

ದುರಸ್ತಿಯನ್ನೇ ಹಾಕದವನಿಗೆ ಎಂದೋ ಒಂದು ದಿನ ಭಯವಾಗಬಹುದು, ಹಾಕಬಹುದು. ಇವನಿಗೆ ಆ ಭಯವೂ ಇರಲಿಲ್ಲ. ಬರೆದಾಗಿತ್ತಲ್ಲ.

ಹಲಗೆಯ ಅಂಕಿ ಒಂಬೈನೂರ ತೊಂಬತ್ತನಾಲ್ಕು ಇದ್ದ ದಿನ, ಒಬ್ಬ ಹೆಂಗಸು ಆ ತಾಣಕ್ಕೆ ಬಂದಳು. ಎರಡು ವರ್ಷದ ಹಿಂದೆ ಗಂಡನ ಮನೆ ಬಿಟ್ಟವಳು. ಮೂರು ಊರು ಬದಲಿಸಿದ್ದಳು. ಮೂರೂ ಕಡೆ ಗಂಡ ಹುಡುಕಿಕೊಂಡು ಬಂದಿದ್ದ. ಈಗ ನಾಲ್ಕನೆಯ ಊರಿನಲ್ಲಿ, ಬ್ಲೌಸ್ ಹೊಲಿಯುವ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿದ್ದಳು. ಕೆಳಗಿನ ಅಂಗಡಿಗೆ ಹುಕ್ಕು ಹಾಕಿಕೊಡುತ್ತಿದ್ದಳು. ಅಲ್ಲಿ ಎಂಟು ತಿಂಗಳು ಕಳೆದಿತ್ತು. ಅವಳೆಲ್ಲಿದ್ದಾಳೆ ಎಂದು ತಾಯಿಗೂ ಗೊತ್ತಿರಲಿಲ್ಲ. ಯಾರಾದರೂ ಹೆಸರು ಕೇಳಿದರೆ ಬೇರೆ ಹೆಸರು ಹೇಳುತ್ತಿದ್ದಳು.

ಕೇಸಿನ ವಿಚಾರಣೆಗೆ ದಿನ ಗೊತ್ತಾಗಿತ್ತು. ನೋಟೀಸು ಕಳಿಸಲು ಈಗಿನ ವಿಳಾಸ ಕೊಡಿ, ಬೇರೆ ಯಾರಿಗೂ ಕಾಣುವುದಿಲ್ಲ ಎಂದು ತಾಣ ಕೇಳಿತು. ಅವಳು ಬಹಳ ಹೊತ್ತು ಬರೆಯಲಿಲ್ಲ. ಕೊನೆಗೆ ಬರೆದಳು. ತನ್ನ ಹೆಸರು, ತಂದೆಯ ಹೆಸರು, ಊರು, ಬೀದಿ, ಅಂಗಡಿಯ ಹೆಸರು, ಮೇಲಿನ ಕೋಣೆ. ವಿಳಾಸದ ಕೆಳಗೆ, ಅಲ್ಲಿ ಬರೆಯಲು ಯಾರೂ ಕೇಳದಿದ್ದರೂ, ಒಂದು ಸಾಲು ಸೇರಿಸಿದಳು: ದಯವಿಟ್ಟು ಯಾರಿಗೂ ಹೇಳಬೇಡಿ.

ಎರಡು ವರ್ಷದಲ್ಲಿ ಅವಳು ನಂಬಿ ವಿಳಾಸ ಕೊಟ್ಟದ್ದು ಒಂದೇ ಕಡೆ. ಅದು ಆ ಯಂತ್ರಕ್ಕೆ.

ಕಳ್ಳರು ಅಷ್ಟು ಹೊತ್ತಿಗೆ ದುರಸ್ತಿಯನ್ನು ಓದಿ, ಊರೂರಿನ ಯಂತ್ರಗಳ ಬಾಗಿಲು ತಟ್ಟಿ ನೋಡುತ್ತಿದ್ದರು. ಮುಚ್ಚಿದ ಕಡೆ ಮುಂದೆ ಹೋದರು. ತೆರೆದ ಕಡೆ ನಿಂತರು. ಸಿಕ್ಕ ತುಣುಕುಗಳನ್ನೆಲ್ಲ ಅಂತರಜಾಲದ ಒಂದು ಮೂಲೆಯಲ್ಲಿ ರಾಶಿ ಹಾಕಿದರು. ಅವರಿಗೆ ಆ ಹೆಂಗಸಿನ ಮೇಲೆ ಹಗೆ ಇರಲಿಲ್ಲ. ಅವಳು ಇದ್ದಾಳೆಂಬುದೂ ಗೊತ್ತಿರಲಿಲ್ಲ. ಆದರೆ ಹೆಂಡತಿಯ ಹೆಸರು, ಅವಳ ತಂದೆಯ ಹೆಸರು ಹಾಕಿ ದಿನಕ್ಕೊಮ್ಮೆ ಹುಡುಕುವ ಒಬ್ಬ ಗಂಡ ಇದ್ದ. ಅವನು ತನ್ನ ಕೆಲಸವನ್ನು ಒಂದು ದಿನವೂ ಭಾನುವಾರಕ್ಕೆ ಇಟ್ಟುಕೊಂಡವನಲ್ಲ.

ಅವನಿಗಿಂತ ಮೊದಲು ಆ ರಾಶಿಯನ್ನು ನೋಡಿದವನು ಇನ್ನೊಬ್ಬ. ತಂತ್ರಾಂಶ ಬರೆದವನು. ತನ್ನ ತೂತಿನಿಂದ ಏನು ಸೋರಿದೆ ಎಂದು ನೋಡಲು ಹೋದ. ನೂರಾರು ತುಣುಕು. ಅವುಗಳ ನಡುವೆ ಒಬ್ಬ ಹೆಂಗಸಿನ ಹೆಸರು, ಒಂದು ಬೀದಿ, ಒಂದು ಬ್ಲೌಸ್ ಅಂಗಡಿ, ಮೇಲಿನ ಕೋಣೆ, ದಯವಿಟ್ಟು ಯಾರಿಗೂ ಹೇಳಬೇಡಿ. ತಾರೀಖು ನೋಡಿದ. ದುರಸ್ತಿ ಕೊಟ್ಟು ಐದು ದಿನ ಆದಮೇಲಿನದು. ತುಣುಕಿನ ಮೇಲೆ ಕಚೇರಿಯ ಹೆಸರಿತ್ತು.

ಅವತ್ತು ಅವನು ಔಷಧಿ ಅಂಗಡಿಗೆ ಹೋಗಲಿಲ್ಲ. ಕಚೇರಿಗೆ ಬರೆದ. ನಿಮ್ಮ ಯಂತ್ರ ಹಳೆಯದನ್ನೇ ಓಡಿಸುತ್ತಿದೆ, ಈಗಲೇ ನಿಲ್ಲಿಸಿ, ಈ ಹೆಂಗಸಿಗೆ ಇವತ್ತೇ ಹೇಳಿ, ಅವಳು ಆ ಕೋಣೆ ಬಿಡಬೇಕು ಎಂದು. ಉತ್ತರ ಬರಲಿಲ್ಲ. ಫೋನು ಮಾಡಿದ. ಸಮಾರಂಭದ ಗಡಿಬಿಡಿ ಇದೆ, ಮುಂದಿನ ವಾರ ಮಾಡಿ ಎಂದರು. ನೀವು ಯಾರು ಎಂದು ಕೇಳಿದರು. ನಿಮ್ಮ ಸರ್ವರ್ ತಂತ್ರಾಂಶ ಬರೆದವನು ಎಂದ. ಅವರು ನಕ್ಕು ಫೋನಿಟ್ಟರು. ನಿಜವನ್ನೇ ಹೇಳಿದ್ದ. ಅದನ್ನು ನಂಬುವವರು ಆ ಕಡೆ ಯಾರೂ ಇರಲಿಲ್ಲ.

ಒಂಬೈನೂರ ತೊಂಬತ್ತೊಂಬತ್ತನೆಯ ದಿನ ಮಧ್ಯಾಹ್ನ, ಬ್ಲೌಸ್ ಅಂಗಡಿಗೆ ಒಬ್ಬ ಬಂದ. ಇಸ್ತ್ರಿ ಮಾಡಿದ ಅಂಗಿ. ಕೈಯಲ್ಲಿ ಒಂದು ಮೊಳ ಹೂವು.

"ನಮ್ಮ ಮನೆಯವರು ಮೇಲಿದಾರಂತೆ. ಸ್ವಲ್ಪ ಕರೀತೀರಾ?"

ಮೆತ್ತಗೆ ಕೇಳಿದ. ಮೇಲೆ ಕೂತಿದ್ದವಳಿಗೆ ಆ ದನಿ ಗೊತ್ತಿತ್ತು. ಹಿಂದಿನ ಮೆಟ್ಟಿಲಿನಿಂದ ಇಳಿದು ಹೋದಳು. ಚಪ್ಪಲಿ ಮುಂದಿನ ಬಾಗಿಲಲ್ಲಿತ್ತು, ಬಿಟ್ಟಳು. ಅರ್ಧ ಹಾಕಿದ ಹುಕ್ಕಿನಲ್ಲಿ ಸೂಜಿ ನಿಂತಿತ್ತು. ಮೊದಲು ಬಂದ ಬಸ್ಸು ಹತ್ತಿದಳು. ಅದು ಎಲ್ಲಿಗೆ ಹೋಗುತ್ತದೆ ಎಂದು ನೋಡಲಿಲ್ಲ.

ಮರುದಿನ ಸಾವಿರ ತುಂಬಿತು. ಹಲಗೆಗೆ ಹಾರ ಹಾಕಿದರು. ಮೇಲಧಿಕಾರಿಗೆ ಶಾಲು, ಯಂತ್ರ ನೋಡಿಕೊಳ್ಳುವವನಿಗೆ ಶಾಲು. ಮೈಸೂರುಪಾಕು ಹಂಚಿದರು. ಫೋಟೋ ಆಯಿತು. ಫೋಟೋ ಆದಮೇಲೆ ಅವನು ಶಾಲು ಹೊದ್ದುಕೊಂಡೇ ಒಳಗೆ ಹೋಗಿ, ಯಂತ್ರವನ್ನು ನಿಲ್ಲಿಸಿ ಶುರು ಮಾಡಿದ. ನಲವತ್ತು ಸೆಕೆಂಡು ಹಿಡಿಯಿತು. ಹಲಗೆ ಒರೆಸಿ ಒಂದು ಎಂದು ಬರೆದ.

ಕಚೇರಿ ಆ ಹೆಂಗಸಿಗೆ ನೋಟೀಸು ಕಳಿಸಿತು. ಈ ವಿಳಾಸದಲ್ಲಿ ಇಲ್ಲ ಎಂದು ವಾಪಸು ಬಂತು. ಇನ್ನೊಂದು ಕಳಿಸಿದರು. ಅದೂ ಬಂತು. ವಿಚಾರಣೆಯ ದಿನ ಗಂಡ ಬಂದಿದ್ದ, ಇಸ್ತ್ರಿ ಅಂಗಿ ಹಾಕಿಕೊಂಡು. ಅವಳು ಬರಲಿಲ್ಲ. ಕೇಸು ಮುಚ್ಚಿತು. ಮುಚ್ಚಿದ್ದನ್ನು ಪುಸ್ತಕದಲ್ಲಿ ಬರೆದರು. ಆಮೇಲೆ ಅವಳು ಯಾರಿಗೂ, ಯಾವ ಊರಿನಲ್ಲೂ, ತನ್ನ ವಿಳಾಸ ಕೊಡಲಿಲ್ಲ. ಅವಳಿಗೆ ಕಾಗದ ಬರೆಯುವ ದಾರಿ ಈ ಲೋಕದಲ್ಲಿ ಯಾರಿಗೂ ಇಲ್ಲ.

ತಂತ್ರಾಂಶ ಬರೆದವನು ಇನ್ನೂ ಬರೆಯುತ್ತಿದ್ದಾನೆ. ದುರಸ್ತಿ ಬಿಟ್ಟಾಗೆಲ್ಲ ಕೊನೆಯ ಸಾಲನ್ನು ಈಗ ಎರಡು ಸಲ ಬರೆಯುತ್ತಾನೆ. ಹಾಕಿದೆವು ಎಂದು ಇವತ್ತಿಗೂ ಅವನಿಗೆ ಒಬ್ಬರೂ ಬರೆದಿಲ್ಲ.

ಮೇಷ್ಟ್ರು ಕತೆ ನಿಲ್ಲಿಸಿದರು. ದ್ರಾಕ್ಷಾಯಣಿ ತಲೆ ತಗ್ಗಿಸಿ ಕೂತಿದ್ದಳು. ಆ ಹೆಂಗಸಿನ ಹೆಸರೇನು ಮೇಷ್ಟ್ರೇ ಎಂದು ಕೇಳಿದಳು.

ನನಗೆ ಗೊತ್ತಿಲ್ಲ ಎಂದರು. ನಿನ್ನ ಯಂತ್ರವನ್ನು ನಂಬಿ ಇವತ್ತು ಬೆಳಿಗ್ಗೆ ತಮ್ಮ ರಕ್ತದ ವರದಿ ತೆರೆದವರ ಹೆಸರು ನಿನಗೆ ಗೊತ್ತೇ ಎಂದೂ ಕೇಳಿದರು. ಅವಳು ಇಲ್ಲ ಎಂದಳು. ಮಾಲೀಕರು ಭಾನುವಾರ ಅಂದಿದ್ದರಲ್ಲ ಎಂದು ಶುರು ಮಾಡಿ ಅರ್ಧಕ್ಕೇ ಬಿಟ್ಟಳು.

ಮೇಷ್ಟ್ರು ದನಿ ಎತ್ತಲಿಲ್ಲ.

"ನೀನಿಲ್ಲಿ ಕೂತು ಕತೆ ಕೇಳ್ತಿದೀಯ ತಾಯಿ, ನಿನ್ನ ಯಂತ್ರ ಅಲ್ಲಿ ಹಳೇದನ್ನೇ ಓಡಿಸ್ತಿದೆ."

ದ್ರಾಕ್ಷಾಯಣಿ ಚೀಲ ತೆಗೆದುಕೊಂಡು ಮೆಟ್ಟಿಲಿಳಿದಳು.

ಓದುತ್ತ ಕೂತಿರುವವರೇ, ನಿಮ್ಮ ಕೈಯಲ್ಲೂ ಯಾರದೋ ವಿಳಾಸ ಇರುವ ಒಂದು ಯಂತ್ರವಿದೆ. ಏಳಿ. ಇವತ್ತೇ ಹಾಕಿ. ನಿಲ್ಲಿಸಿ, ಮತ್ತೆ ಶುರು ಮಾಡಿ. ಆಮೇಲೆ ಆ ತಂತ್ರಾಂಶ ಬರೆದವನಿಗೆ ಒಂದು ಸಾಲು ಬರೆಯಿರಿ: ಹಾಕಿದೆವು.